ಹಾರ್ಟ್ ಬಂತು, ಕತೆ ಬರಲಿಲ್ಲ

ಪ್ರಶ್ನೆ: ನಮ್ಮೂರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿನ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲೆ ಒಂದು ಟ್ರಂಕ್ ಸಿಕ್ಕಿತು. ತುಂಬ ಹಳೇ ಫೋಟೋಗಳು. ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಹಾರ್ಟ್, ಕೈಮುಗಿಯುವ ಗುರುತು, ‘ಸೂಪರ್’, ‘ಓಲ್ಡ್ ಈಸ್ ಗೋಲ್ಡ್’, ಇಷ್ಟೇ ಬಂತು. ಅಜ್ಜಿಗೆ ಎಂಬತ್ತೈದರ ಹತ್ತಿರ. ಕೇಳಿದರೆ ‘ಅದೇನ್ ಕತೆ ಬುಡವ್ವ’ ಅಂತಾರೆ. ದೊಡ್ಡಪ್ಪ, ಅತ್ತೆ ಇಬ್ಬರೂ ಒಂದು ಫೋಟೋದ ವರ್ಷಕ್ಕೆ ಜಗಳ ಆಡಿ ಮುಖ ತಿರುಗಿಸಿಕೊಂಡಿದ್ದಾರೆ. ಇನ್ನೊಂದು ಗ್ರೂಪ್ ಫೋಟೋದಲ್ಲಿ ಒಬ್ಬರ ಮುಖವನ್ನೇ ಕೆರೆದು ಹಾಕಿದ್ದಾರೆ. ಅದನ್ನು ಗುಂಪಿಗೆ ಹಾಕಬಹುದಾ? ಈ ಫೋಟೋಗಳ ಹಿಂದಿನ ಕತೆಗಳನ್ನು ಹೊರಡಿಸುವುದು ಹೇಗೆ?

ಉತ್ತರ: ಮನೆಮಂದಿಯೆಲ್ಲ ಇರುವ ಗುಂಪಿನಲ್ಲಿ ಯಾರೂ ಕತೆ ಹೇಳುವುದಿಲ್ಲ. ಅಲ್ಲಿ ಬೀಗರಿರುತ್ತಾರೆ, ಹೊಸದಾಗಿ ಬಂದ ಸೊಸೆಯಂದಿರಿರುತ್ತಾರೆ, ಜಮೀನಿನ ಕೇಸು ನಡೆಸುತ್ತಿರುವ ದಾಯಾದಿಗಳೂ ಇರುತ್ತಾರೆ. ಬಾಯಿ ಬಿಟ್ಟರೆ ಯಾರಿಗೆ ಎಲ್ಲಿ ಚುಚ್ಚುತ್ತದೋ ಅಂತ ಅಳುಕು. ಒಂದು ಹಾರ್ಟ್ ಒತ್ತಿದರೆ ಕೆಲಸ ಮುಗಿಯಿತು, ಯಾರಿಗೂ ಬೇಜಾರಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಫೋಟೋಗಳ ವಿಷಯ ನಿಜವಾಗಿ ಗೊತ್ತಿರುವವರು ಆ ಗುಂಪಿನಲ್ಲೇ ಇಲ್ಲ. ನಿಮ್ಮ ಅಜ್ಜಿ ವಾಟ್ಸ್‌ಆ್ಯಪ್ ನೋಡುತ್ತಾರಾ? ಇಲ್ಲ ಅಲ್ವಾ?

ನಾನು ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಹಳೇ ಫೋಟೋಗಳನ್ನು ಜೋಡಿಸಿ, ಸ್ಕ್ಯಾನ್ ಮಾಡಿ, ಅವುಗಳ ಜೊತೆಗಿರುವ ಮಾತನ್ನೂ ದಾಖಲು ಮಾಡುವ ಕೆಲಸ ಮಾಡುತ್ತೇನೆ. ನನಗೆ ಸಿಕ್ಕಿರುವ ಒಳ್ಳೆಯ ಕತೆಗಳೆಲ್ಲ ಇಬ್ಬರು ಎದುರುಬದುರು ಕೂತಾಗ, ಒಂದೇ ಒಂದು ಫೋಟೋ ಕೈಯಲ್ಲಿದ್ದಾಗ ಸಿಕ್ಕಿವೆ. ಹಾಗಾಗಿ ಎಲ್ಲರಿಗೂ ತೋರಿಸುವ ಮೊದಲು ಒಬ್ಬರಿಗೆ ತೋರಿಸಿ. ನಿಮ್ಮ ವಿಷಯದಲ್ಲಿ ಆ ಒಬ್ಬರು ಅಜ್ಜಿ.

ಇಡೀ ಟ್ರಂಕ್ ತಂದು ಮುಂದೆ ಸುರಿಯಬೇಡಿ. ಒಂದು ಸಲಕ್ಕೆ ಮೂರೋ ನಾಲ್ಕೋ ಸಾಕು. ಮೊಬೈಲಿನಲ್ಲಿ ತೋರಿಸುವುದೂ ಬೇಡ. ಅಜ್ಜಿ ಬೆರಳಿಟ್ಟ ಕೂಡಲೇ ಚಿತ್ರ ಸರಿದು ಹೋಗುತ್ತದೆ, ಅವರಿಗೆ ಗಾಬರಿ, ನಿಮಗೆ ಅದನ್ನು ಹಿಂದಕ್ಕೆ ತರುವ ಕೆಲಸ. ಅಸಲು ಫೋಟೋ ಕೈಗೆ ಕೊಡಿ. ತಿರುಗಿಸಿ ಹಿಂಬದಿ ನೋಡಲಿ, ಮೂಸಿ ನೋಡಲಿ. ಕಣ್ಣು ಮಂಜಾಗಿದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಅದನ್ನೇ ಎ-4 ಕಾಗದಕ್ಕೆ ದೊಡ್ಡದು ಮಾಡಿಸಿ ಜೊತೆಗಿಡಿ. ಬೆಳಗಿನ ಬಿಸಿಲಿರುವ ಜಗುಲಿ ಒಳ್ಳೆಯ ಜಾಗ. ಕೈಗೆ ಏನಾದರೂ ಕೆಲಸ ಇದ್ದರೆ ಇನ್ನೂ ಒಳ್ಳೆಯದು. ಅವರೆಕಾಯಿ ಕಾಲದಲ್ಲಿ ಹೋಗಿ ನೋಡಿ. ಕಾಯಿ ಸುಲಿಯುತ್ತ ಕೂತ ಹೆಂಗಸರು ಹೇಳುವಷ್ಟು ಮಾತನ್ನು ಮೈಕಿನ ಮುಂದೆ ಕೂರಿಸಿದರೆ ಹೇಳುವುದಿಲ್ಲ.

ಈಗ ಏನು ಕೇಳಬೇಕು ಅನ್ನುವುದು. ‘ಅಜ್ಜಿ, ಈ ಫೋಟೋದ ಕತೆ ಹೇಳಿ’ ಅಂದರೆ ಯಾರಿಗೂ ಹೇಳಲು ಬರುವುದಿಲ್ಲ. ಕತೆ ಅಂದರೆ ರಾಜ ರಾಣಿಯದು, ಇಲ್ಲವೇ ಯಾರಾದರೂ ದೊಡ್ಡವರದು ಅಂತ ಅವರ ಲೆಕ್ಕ. ತಮ್ಮ ಬದುಕಿನಲ್ಲಿ ಅಂಥದ್ದೇನೂ ಇಲ್ಲ ಅಂದುಕೊಂಡಿರುತ್ತಾರೆ. ‘ಬುಡವ್ವ’ ಅಂದಿದ್ದು ಅದಕ್ಕೇ. ನೀವು ಫೋಟೋದಲ್ಲಿರುವ ಒಂದು ಸಾಮಾನಿನ ಮೇಲೆ ಬೆರಳಿಟ್ಟು ಕೇಳಿ. ಈ ಸೀರೆ ಯಾರದು? ಈ ಚಪ್ಪಲಿ ಎಲ್ಲಿ ತಂದದ್ದು? ಈ ಬೆಂಚು ಯಾರ ಮನೆಯದು? ತಾತನ ಪಕ್ಕ ಇಷ್ಟು ಜಾಗ ಯಾಕೆ ಬಿಟ್ಟಿದ್ದಾರೆ, ಅಲ್ಲಿ ಯಾರು ನಿಲ್ಲಬೇಕಿತ್ತು? ಫೋಟೋ ತೆಗೆಸಿಕೊಂಡ ಮೇಲೆ ಊಟ ಎಲ್ಲಿ ಮಾಡಿದ್ರಿ?

ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೇ ಇರುವ ಸ್ಟುಡಿಯೋ ಫೋಟೋ. ಹಿಂದೆ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಬಳ್ಳಿ. ಪಕ್ಕದಲ್ಲಿ ಮರದ ಸ್ಟ್ಯಾಂಡು, ಅದರ ಮೇಲೆ ಪ್ಲಾಸ್ಟಿಕ್ ಹೂವು. ಗಂಡ ಕುರ್ಚಿಯಲ್ಲಿ ಕೂತಿದ್ದಾರೆ. ಎಡಗೈಯ ತೋಳು ಮಡಚಿ, ಕೈಗಡಿಯಾರ ಎದ್ದು ಕಾಣುವ ಹಾಗೆ ಮೊಣಕಾಲ ಮೇಲೆ ಇಟ್ಟಿದ್ದಾರೆ. ಹೆಂಡತಿ ನಿಂತಿದ್ದಾರೆ, ಎರಡೂ ಕೈ ಸೆರಗಿನೊಳಗೆ. ಮುಖ ಒಂಥರಾ ಬಿಗಿ. ಮೊಮ್ಮಕ್ಕಳೆಲ್ಲ ‘ಅಜ್ಜಿಗೆ ಆಗ ನಾಚಿಕೆ’ ಅಂತ ಹೇಳಿಕೊಂಡೇ ಬಂದಿದ್ದರು.

‘ವಾಚು ಚೆನ್ನಾಗಿದೆ, ತಾತನಿಗೆ ಯಾರು ಕೊಡಿಸಿದ್ರು ಅಜ್ಜಿ?’ ಅಂತ ಕೇಳಿದೆ. ಅವರು ನಕ್ಕುಬಿಟ್ಟರು. ‘ಅಯ್ಯೋ, ಅದು ನಮ್ದಲ್ಲ ಕಣಪ್ಪ, ಸ್ಟುಡಿಯೋದವ್ರದು. ನಮ್ ಯಜಮಾನ್ರಿಗೆ ಟೈಮ್ ನೋಡಕ್ಕೇ ಬತ್ತಿರ್ನಿಲ್ಲ.’

ಅಲ್ಲಿಂದ ಮಾತು ಹರಿಯಿತು. ಗಾಡಿ ಕಟ್ಟಿಕೊಂಡು ದಸರಾ ನೋಡಲು ಹೋಗಿದ್ದು. ಛತ್ರದಲ್ಲಿ ಜಾಗ ಸಿಗದೆ ಗಾಡಿ ಕೆಳಗೇ ಮಲಗಿದ್ದು. ಬಳೆ ತೊಡಿಸುತ್ತೇನೆ ಅಂತ ಊರಿನಿಂದ ಮಾತು ಕೊಟ್ಟು ಕರೆತಂದ ಗಂಡ, ಆ ದುಡ್ಡನ್ನು ಫೋಟೋಗೆ ಹಾಕಿಬಿಟ್ಟರು. ಬೋಳು ಕೈ ಫೋಟೋದಲ್ಲಿ ಬೀಳಬಾರದು ಅಂತ ಇವರು ಕೈಗಳನ್ನು ಸೆರಗಿನೊಳಗೆ ಸೇರಿಸಿದರು. ಆ ಬಿಗಿ ಮುಖ ನಾಚಿಕೆಯದಲ್ಲ, ಸಿಟ್ಟಿನದು. ‘ಆಮೇಲೆ ಬಳೆ ತೊಡ್ಸಿದ್ರಾ?’ ಅಂದರೆ, ‘ತೊಡ್ಸಿದ್ರು, ಮುಂದಿನ್ ವರ್ಸ’ ಅಂದರು. ಅಷ್ಟು ವರ್ಷ ಗೋಡೆಯ ಮೇಲಿದ್ದ ಫೋಟೋ. ವಾಚಿನ ವಿಷಯವನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆ ಕಾಲದ ಸ್ಟುಡಿಯೋಗಳಲ್ಲಿ ಕೋಟು, ಟೈ, ವಾಚು, ಬಾಚಣಿಗೆ, ಪೌಡರು ಎಲ್ಲ ಇಟ್ಟಿರುತ್ತಿದ್ದರು. ಹಾಗಾಗಿ ಫೋಟೋದಲ್ಲಿ ಕಂಡ ಸಾಮಾನೆಲ್ಲ ನಿಮ್ಮ ಮನೆಯದು ಅಂತ ತಿಳಿಯಬೇಡಿ. ಯಾವುದು ಸ್ವಂತದ್ದು, ಯಾವುದು ಸ್ಟುಡಿಯೋದ್ದು ಅಂತ ಕೇಳಿದರೇ ಅರ್ಧ ಕತೆ ಬರುತ್ತದೆ.

ಫೋಟೋ ತೋರಿಸಿ ಮಾತಾಡಿಸುವುದು ಹೊಸ ಉಪಾಯವೇನಲ್ಲ. ಜಾನ್ ಕಾಲಿಯರ್ ಅನ್ನುವ ಅಮೆರಿಕದ ಸಂಶೋಧಕರು ಕೆನಡಾದಲ್ಲಿ ಒಂದು ಅಧ್ಯಯನ ಮಾಡುತ್ತ, ಒಂದಷ್ಟು ಜನರನ್ನು ಬರೀ ಪ್ರಶ್ನೆ ಕೇಳಿ, ಇನ್ನಷ್ಟು ಜನರನ್ನು ಫೋಟೋ ಮುಂದಿಟ್ಟು ಮಾತಾಡಿಸಿದರು. ಫೋಟೋ ಇದ್ದಾಗ ಜನ ಸುಸ್ತಾಗದೆ ಜಾಸ್ತಿ ಹೊತ್ತು ಮಾತಾಡಿದರು, ವಿವರಗಳೂ ಖಚಿತವಾಗಿದ್ದವು. 1957ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ಕಾರಣ ಸರಳ. ಎದುರಿಗಿರುವವರ ಮುಖ ನೋಡಿ ಉತ್ತರ ಕೊಡಬೇಕಾದ ಮುಜುಗರ ಇರುವುದಿಲ್ಲ, ಇಬ್ಬರೂ ಮೂರನೆಯ ಒಂದು ವಸ್ತುವನ್ನು ನೋಡುತ್ತಿರುತ್ತಾರೆ.

ಯಾವ ಫೋಟೋ ಮೊದಲು ತೋರಿಸಬೇಕು ಅನ್ನುವುದಕ್ಕೂ ಒಂದು ದಾರಿಯಿದೆ. ವಯಸ್ಸಾದವರಿಗೆ ಸುಮಾರು ಹತ್ತರಿಂದ ಮೂವತ್ತು ವಯಸ್ಸಿನ ನಡುವೆ ನಡೆದದ್ದು ಉಳಿದ ಕಾಲಕ್ಕಿಂತ ಹೆಚ್ಚಾಗಿ ನೆನಪಿರುತ್ತದೆ. ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡಿರುವ ವಿಷಯ ಇದು. ನಿಮ್ಮ ಅಜ್ಜಿ ಹುಟ್ಟಿದ್ದು 1940ರ ಸುಮಾರಿಗೆ ಅಂದುಕೊಂಡರೆ, 1950ರಿಂದ 1970ರ ಒಳಗಿನ ಫೋಟೋಗಳನ್ನು ಆರಿಸಿ. ಮದುವೆಯ ಮುಂಚಿನದ್ದು, ತವರಿನದ್ದು ಸಿಕ್ಕರೆ ಬಿಡಲೇಬೇಡಿ. ತವರಿನ ಫೋಟೋ ಹಿಡಿದ ಅಜ್ಜಿಯ ದನಿಯೇ ಬೇರೆ ಆಗುತ್ತದೆ. ಮೊಮ್ಮಗನ ನಾಮಕರಣದ ಕಲರ್ ಆಲ್ಬಮ್ ತೋರಿಸಿದರೆ ‘ಎಲ್ಲಾ ಚೆನ್ನಾಗವ್ರೆ’ ಅಂತ ಮುಗಿಸಿಬಿಡುತ್ತಾರೆ.

ಅಷ್ಟು ಹಳೆಯ ಫೋಟೋ ಹೆಣ್ಣುಮಕ್ಕಳದ್ದು ಕಡಿಮೆ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆ ಆಗುತ್ತದೆ ಅನ್ನುವ ಭಯ ಒಂದು ಕಡೆ, ದುಡ್ಡಿನ ತಾಪತ್ರಯ ಇನ್ನೊಂದು ಕಡೆ. ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯ ಒಂದೇ ಒಂದು ಫೋಟೋ ಅಂದರೆ ಮತದಾರರ ಗುರುತಿನ ಚೀಟಿಯದ್ದು. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಶುರುವಾದ ಚೀಟಿ ಅದು. ಕಪ್ಪಗೆ, ಮಸುಕಾಗಿ, ಸಿಡುಕು ಮುಖದಲ್ಲಿ ಇರುತ್ತದೆ. ಅದನ್ನೂ ಟ್ರಂಕಿನ ಫೋಟೋಗಳ ಜೊತೆಗೇ ಸೇರಿಸಿ. ಅವತ್ತು ಯಾರ ಜೊತೆ ಸಾಲಿನಲ್ಲಿ ನಿಂತಿದ್ರಿ, ಹೊಸ ಸೀರೆ ಉಟ್ಟು ಬಂದವರು ಯಾರು ಅಂತ ಕೇಳಿ ನೋಡಿ.

ಇನ್ನು ಗೋಡೆಗೆ ತೂಗುಹಾಕಿರುವ ದೊಡ್ಡ ಫೋಟೋ. ಕೋಟು ಪೇಟದ ತಾತ ಇರುತ್ತಾರಲ್ಲ, ಅದನ್ನು ಸ್ವಲ್ಪ ಅನುಮಾನದಿಂದ ನೋಡಿ. ಯಾರೋ ತೀರಿಕೊಂಡ ಮೇಲೆ, ಯಾವುದೋ ಗ್ರೂಪ್ ಫೋಟೋದಲ್ಲಿದ್ದ ಚಿಕ್ಕ ಮುಖವನ್ನು ಎನ್‌ಲಾರ್ಜ್ ಮಾಡಿಸಿ, ಕೋಟನ್ನು ಬ್ರಷ್ಷಿನಲ್ಲಿ ಬರೆಸಿರುವುದು ಬೇಕಾದಷ್ಟಿದೆ. ಕೊರಳ ಹತ್ತಿರ ಓರೆಯಾಗಿ ಬೆಳಕು ಬೀಳುವ ಹಾಗೆ ಹಿಡಿದರೆ ಕುಂಚದ ಗೆರೆ ಕಾಣುತ್ತದೆ. ಬದುಕಿದ್ದಾಗ ಕೋಟನ್ನೇ ಹಾಕದ ಮನುಷ್ಯ ಗೋಡೆಯ ಮೇಲೆ ಸಾಹುಕಾರನಾಗಿ ಕೂತಿರುತ್ತಾನೆ. ಆ ಮುಖ ಯಾವ ಫೋಟೋದಿಂದ ಬಂತು ಅಂತ ಹುಡುಕಿ. ಮೂಲ ಫೋಟೋ ನಿಮ್ಮ ಟ್ರಂಕಿನಲ್ಲೇ ಇರಬಹುದು.

ಟ್ರಂಕಿನಲ್ಲಿ ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸುತ್ತ ಮನೆಯವರು ನಿಂತು ತೆಗೆಸಿದ ಫೋಟೋ ಸಿಕ್ಕರೆ ಬೆಚ್ಚಬೇಡಿ. ನಮ್ಮ ಕಡೆ ಅದು ಮಾಮೂಲಾಗಿತ್ತು. ಎಷ್ಟೋ ಜನರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಅದನ್ನು ಮಾತ್ರ ಗುಡ್ ಮಾರ್ನಿಂಗ್ ಮೆಸೇಜುಗಳ ನಡುವೆ ಹಾಕಬೇಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಈ ಫೋಟೋ ತೆಗೆದವರು ಯಾರು? ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಹೆಸರು ಕೇಳಿರುತ್ತೀರಿ. ದೇಶವೆಲ್ಲ ಸುತ್ತಿ ಸಾಮಾನ್ಯ ಜನರ ಬದುಕನ್ನು ಚಿತ್ರದಲ್ಲಿ ಹಿಡಿದವರು, 1977ರಲ್ಲಿ ಪದ್ಮಶ್ರೀ ಬಂತು. ಅಂಥವರ ಚಿತ್ರದ ಕೆಳಗೆ ಹೆಸರಿರುತ್ತದೆ. ನಮ್ಮ ಮನೆಯ ಫೋಟೋಗಳನ್ನು ತೆಗೆದವರಿಗೆ ಆ ಭಾಗ್ಯವಿಲ್ಲ. ಅವರು ಮಂಡ್ಯದಿಂದ ಸೈಕಲ್ಲಿನಲ್ಲಿ ಬಂದ ಸ್ಟುಡಿಯೋದವರಿರಬಹುದು, ಕ್ಯಾಮೆರಾ ಕೊಂಡ ಹುರುಪಿನಲ್ಲಿದ್ದ ಸೋದರಮಾವ ಇರಬಹುದು. ಅದನ್ನು ತಿಳಿದುಕೊಂಡರೆ ಫೋಟೋದಲ್ಲಿರುವವರು ಯಾರ ಕಡೆ ನೋಡಿ ನಗುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಎಲ್ಲ ಫೋಟೋದಲ್ಲೂ ಕಾಣದೆ ಇರುವ ಒಬ್ಬ ಚಿಕ್ಕಪ್ಪ ಇದ್ದರೆ, ‘ಅವನು ಯಾವತ್ತೂ ಮನೆಯವರ ಜೊತೆ ಸೇರುತ್ತಿರಲಿಲ್ಲ’ ಅಂತ ತೀರ್ಮಾನ ಮಾಡಬೇಡಿ. ಕ್ಯಾಮೆರಾ ಅವರ ಕೈಯಲ್ಲೇ ಇದ್ದಿರಬಹುದು.

ದೊಡ್ಡಪ್ಪ ಮತ್ತು ಅತ್ತೆಯ ಜಗಳಕ್ಕೆ ಬರೋಣ. ವರ್ಷ ಕಂಡುಹಿಡಿಯಲು ಫೋಟೋವನ್ನೇ ಕೇಳಿ. ಹಿಂದೆ ಸ್ಕೂಟರೋ ಲಾರಿಯೋ ಇದ್ದು ನಂಬರ್ ಪ್ಲೇಟು ‘ಕೆಎ-11’ ಅಂತಲೋ ‘ಕೆಎ-09’ ಅಂತಲೋ ಇದ್ದರೆ, ಆ ಫೋಟೋ 1989ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕೆಎ ಸರಣಿ ಬಂದದ್ದೇ ಹೊಸ ಮೋಟಾರು ವಾಹನ ಕಾಯಿದೆ ಜಾರಿಯಾದ ಮೇಲೆ. ಯಾವುದಾದರೂ ಬೋರ್ಡಿನ ಮೇಲೆ ‘ಮೈಸೂರು ರಾಜ್ಯ’ ಅಂತ ಇದ್ದರೆ ಆ ಬೋರ್ಡು ಬರೆಸಿದ್ದು 1973ರ ನವೆಂಬರಿಗೆ ಮುಂಚೆ. ಆದರೆ ಬೋರ್ಡನ್ನು ಹೆಸರು ಬದಲಾದ ಮಾರನೇ ದಿನವೇ ಯಾರೂ ಕಿತ್ತು ಹಾಕಲಿಲ್ಲ, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ.

ದಸರಾ ಮೆರವಣಿಗೆಯ ಫೋಟೋ ಆದರೆ ಇನ್ನೂ ಸುಲಭ. ಅಂಬಾರಿಯಲ್ಲಿ ಮಹಾರಾಜರು ಕೂತಿದ್ದಾರೋ, ಚಾಮುಂಡೇಶ್ವರಿ ಇದ್ದಾಳೋ ನೋಡಿ. ದೇವಿ ಇದ್ದರೆ, ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾದ 1971ರ ಸುಮಾರಿನದು, ಇಲ್ಲವೇ ಅದರ ಈಚಿನದು. ಆನೆ ಗುರುತು ಸಿಕ್ಕಿದರೆ ವರ್ಷ ಇನ್ನೂ ಹತ್ತಿರವಾಗುತ್ತದೆ. ದ್ರೋಣ 1998ರಲ್ಲಿ ಸತ್ತ ಮೇಲೆ ಅಂಬಾರಿ ಬಲರಾಮನ ಬೆನ್ನಿಗೇರಿತು. 2012ರಿಂದ ಅರ್ಜುನ, 2020ರಿಂದ ಅಭಿಮನ್ಯು. 2020, 2021ರಲ್ಲಿ ಕೊರೋನಾದಿಂದ ಜಂಬೂಸವಾರಿ ಅರಮನೆ ಆವರಣ ಬಿಟ್ಟು ಹೊರಗೆ ಬರಲಿಲ್ಲ. ಅಭಿಮನ್ಯು ಸಯ್ಯಾಜಿರಾವ್ ರಸ್ತೆಯ ಜನಜಂಗುಳಿಯ ನಡುವೆ ಅಂಬಾರಿ ಹೊತ್ತಿದ್ದರೆ ಅದು 2022 ಅಥವಾ ಆಮೇಲಿನದು. ಮೈಸೂರಿನ ಹಳಬರಿಗೆ ಆನೆ ತೋರಿಸಿ, ದಂತ ನೋಡಿಯೇ ಹೆಸರು ಹೇಳುವವರಿದ್ದಾರೆ.

ಕನ್ನಂಬಾಡಿ ಕಟ್ಟೆ ಕಡೆಯ ಫೋಟೋ ಇದ್ದರೆ ನೀರಿನ ಮಟ್ಟ ನೋಡಿ. ಕಟ್ಟೆ ಕಟ್ಟಿದಾಗ ಮುಳುಗಿದ ವೇಣುಗೋಪಾಲಸ್ವಾಮಿ ದೇವಸ್ಥಾನ, ಮಳೆ ಕೈಕೊಟ್ಟ ವರ್ಷಗಳಲ್ಲಿ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು. ಆಮೇಲೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಆ ದೇವಸ್ಥಾನ ಹಳೆಯ ಜಾಗದಲ್ಲೇ ಕಾಣುವ ಫೋಟೋ ಅಂದರೆ ಒಂದು ಬರಗಾಲದ ಫೋಟೋ. ‘ಆ ವರ್ಷ ರಾಗಿ ಎಲ್ಲಿಂದ ತಂದ್ರಿ?’ ಅಂತ ಕೇಳಿ. ವರ್ಷವೂ ಸಿಗುತ್ತದೆ, ಅದರ ಜೊತೆ ಇನ್ನೇನೋ ಸಿಗುತ್ತದೆ.

ಕಾಗದವೂ ಸಾಕ್ಷಿ ಹೇಳುತ್ತದೆ. ಚೌಕಾಕಾರದ ಚಿಕ್ಕ ಕಪ್ಪು ಬಿಳುಪು ಪ್ರಿಂಟು, ಸುತ್ತ ಬಿಳಿ ಅಂಚು ಇದ್ದರೆ ಅದು ಅಗ್ಫಾ ಕ್ಲಿಕ್ ತ್ರೀ ಥರದ ಡಬ್ಬಿ ಕ್ಯಾಮೆರಾದ್ದಿರಬಹುದು. ಒಂದು ರೀಲಿಗೆ ಹನ್ನೆರಡೇ ಫೋಟೋ. ಹನ್ನೆರಡೇ ಇದ್ದಾಗ ಯಾರೂ ಸುಮ್ನೆ ಕ್ಲಿಕ್ ಮಾಡುತ್ತಿರಲಿಲ್ಲ. ಆ ಒಂದನ್ನು ಯಾಕೆ ತೆಗೆದರು ಅನ್ನುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಕಲರ್ ಫೋಟೋ ಪೂರ್ತಿ ಕೆಂಪಗೆ ತಿರುಗಿದ್ದರೆ ಎಪ್ಪತ್ತು ಎಂಬತ್ತರ ದಶಕದ್ದು ಅಂತ ಊಹಿಸಬಹುದು. ಆಗಿನ ಕಾಗದದಲ್ಲಿ ನೀಲಿ ಕಡೆಯ ಬಣ್ಣ ಕತ್ತಲಲ್ಲಿಟ್ಟರೂ ಮೊದಲು ಮಾಸುತ್ತಿತ್ತು.

ಇಷ್ಟೆಲ್ಲ ಮಾಡಿ ವರ್ಷ ಸಿಕ್ಕಿತು ಅನ್ನಿ. ದೊಡ್ಡಪ್ಪ ಗೆದ್ದರು, ಅತ್ತೆ ಸೋತರು ಅಂತ ಗುಂಪಿನಲ್ಲಿ ಹಾಕಬೇಡಿ. ದೊಡ್ಡಪ್ಪ ಆ ವರ್ಷವನ್ನು ಬೋರ್‌ವೆಲ್ ಕೊರೆಸಿದ ವರ್ಷ ಅಂತ ನೆನಪಿಟ್ಟಿರಬಹುದು, ಅತ್ತೆ ತಾವು ಎಸ್ಎಸ್ಎಲ್‌ಸಿ ಬಿಟ್ಟ ವರ್ಷ ಅಂತ ನೆನಪಿಟ್ಟಿರಬಹುದು. ಜಗಳ ಇರುವುದು ಅಂಕಿಗೆ, ನೆನಪು ಎರಡೂ ಅವರವರದ್ದೇ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ‘ಆ ವರ್ಷ ಮನೆಯಲ್ಲಿ ಇನ್ನೇನು ನಡೀತು?’ ಅಂತ ಕೇಳಿ, ಎರಡನ್ನೂ ಬರೆದಿಡಿ. ಯಾರದ್ದು ಅಂತ ಹೆಸರು ಹಾಕಿ. ಒಂದನ್ನು ಹೊಡೆದು ಹಾಕಿ ಇನ್ನೊಂದನ್ನು ಉಳಿಸುವ ಅಧಿಕಾರ ನಿಮಗಾಗಲಿ ನನಗಾಗಲಿ ಇಲ್ಲ.

ಯಾಕೆ ಇಷ್ಟು ಹುಷಾರು ಅಂದರೆ, ಫೋಟೋ ನೆನಪನ್ನು ಎಬ್ಬಿಸುವ ಹಾಗೆಯೇ ಕೆಡಿಸಲೂಬಲ್ಲದು. 2002ರಲ್ಲಿ ಕಿಂಬರ್ಲಿ ವೇಡ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ದೊಡ್ಡವರಾದ ಜನರಿಗೆ ಅವರದ್ದೇ ಬಾಲ್ಯದ ಫೋಟೋಗಳನ್ನು ತೋರಿಸಿದರು. ನಡುವೆ ಒಂದು ಸುಳ್ಳು ಫೋಟೋ. ಆ ಮಗು ಬಿಸಿಗಾಳಿ ಬಲೂನಿನಲ್ಲಿ ಹೋದ ಹಾಗೆ ಜೋಡಿಸಿದ್ದು. ಮೂರು ಸಲ ಕೂತು ಮಾತಾಡುವಷ್ಟರಲ್ಲಿ ಅರ್ಧದಷ್ಟು ಜನಕ್ಕೆ, ನಡೆಯದೇ ಇದ್ದ ಆ ಬಲೂನ್ ಸವಾರಿ ಪೂರ್ತಿಯಾಗಿಯೋ ಅಷ್ಟಿಷ್ಟೋ ನೆನಪಿಗೆ ಬಂದುಬಿಟ್ಟಿತ್ತು.

ಈಗ ನಮ್ಮ ಮೊಬೈಲುಗಳಲ್ಲಿ ಹಳೇ ಫೋಟೋಗೆ ಬಣ್ಣ ಹಚ್ಚುವ, ತೀರಿಕೊಂಡವರು ಕಣ್ಣು ಮಿಟುಕಿಸಿ ನಗುವ ಹಾಗೆ ಮಾಡುವ ಆ್ಯಪ್‌ಗಳು ಬಂದಿವೆ. ನನಗೆ ಇವು ಸ್ವಲ್ಪವೂ ಇಷ್ಟವಿಲ್ಲ. ಕಪ್ಪು ಬಿಳುಪಿನಲ್ಲಿ ಕೆಂಪು ಸೀರೆ, ಹಸಿರು ಸೀರೆ ಎರಡೂ ಒಂದೇ ಬೂದು ಬಣ್ಣಕ್ಕೆ ಬೀಳಬಹುದು. ಆ್ಯಪ್ ಊಹೆ ಮಾಡುತ್ತದೆ, ಅಷ್ಟೇ. ಮೈಸೂರಿನ ಒಂದು ಮನೆಯಲ್ಲಿ ಮೊಮ್ಮಗ ಅಜ್ಜಿಯ ಧಾರೆ ಫೋಟೋಗೆ ಬಣ್ಣ ಹಾಕಿಸಿ ಫ್ರೇಮ್ ಮಾಡಿಸಿದ್ದ. ಕಡುಗೆಂಪು ಸೀರೆ. ಅಜ್ಜಿ ನೋಡಿ, ‘ಇದ್ಯಾರು?’ ಅಂದರು. ಅವರು ಉಟ್ಟಿದ್ದು ಗಿಳಿಹಸಿರು, ಅಂಚು ಮಾತ್ರ ಕೆಂಪು. ಅಕ್ಕನ ಮದುವೆಗೆ ತಂದ ಸೀರೆ, ತಂಗಿಯಾದ ಇವರ ಮದುವೆಗೂ ಅದೇ ಆಯಿತು. ಯಾಕೆಂದರೆ ಆ ವರ್ಷ ಕಬ್ಬಿನ ದುಡ್ಡು ಕೈಗೆ ಬಂದಿರಲಿಲ್ಲ. ಕೆಂಪು ಸೀರೆಯ ಫೋಟೋದಲ್ಲಿ ಈ ಕತೆಗೆ ಜಾಗವೇ ಇಲ್ಲ. ಬಣ್ಣ ಬೇಕೇ ಬೇಕು ಅಂದರೆ ಮೊದಲು ಉಟ್ಟವರನ್ನು ಕೇಳಿ, ಆಮೇಲೆ ಹಚ್ಚಿಸಿ. ಬಣ್ಣ ಹಚ್ಚಿದ್ದು ಅಂತ ಹಿಂದೆ ಬರೆದೂ ಇಡಿ.

ಮಾತು ಶುರುವಾದಾಗ ರೆಕಾರ್ಡ್ ಮಾಡಿಕೊಳ್ಳಿ, ಅಜ್ಜಿಗೆ ಹೇಳಿಯೇ ಮಾಡಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಬಟ್ಟೆಯ ಮೇಲಿಡಿ, ಟಿವಿ ಆರಿಸಿ. ಮೊದಲಿಗೆ ನೀವೇ ತಾರೀಖು, ಊರು, ಯಾವ ಫೋಟೋ ಅನ್ನುವುದನ್ನು ಬಾಯಲ್ಲಿ ಹೇಳಿ. ಅವರು ‘ಇಗಾ, ಇವ್ನು’ ಅಂತ ಬೆರಳು ತೋರಿಸಿದರೆ ‘ಎಡಗಡೆಯಿಂದ ಮೂರನೆಯವರಾ ಅಜ್ಜಿ?’ ಅಂತ ಕೇಳಿಬಿಡಿ. ಬೆರಳು ರೆಕಾರ್ಡ್ ಆಗುವುದಿಲ್ಲ. ತಪ್ಪು ಹೇಳಿದರು ಅಂತ ನಡುವೆ ತಿದ್ದಬೇಡಿ. ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಅವಸರ ಬೇಡ. ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ‘ನನಗೆ ಬಹಳ ಕೋಪ ಬಂದಿತ್ತು’ ಅಂತ ನಿಮ್ಮ ಅಜ್ಜಿ ಯಾವತ್ತೂ ಹೇಳಿರುವುದಿಲ್ಲ.

ಜೋಪಾನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಚಿಕ್ಕ ಪ್ರಿಂಟುಗಳನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಎರಡು ಮೂರು ಬೇರೆ ಬೇರೆ ಕಡೆ ಇಡಿ. ಹಿಂಬದಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಬಾಲ್‌ಪೆನ್ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಅಂಟಿನ ಹಾಳೆಯ ಆಲ್ಬಮ್‌ಗಳಿಂದ ಫೋಟೋ ಸುಲಭವಾಗಿ ಬಂದರೆ ತೆಗೆಯಿರಿ, ಬರದಿದ್ದರೆ ಎಳೆಯದೆ ಹಾಳೆ ಸಮೇತ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೂ ಅಷ್ಟೇ, ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ. ಅಟ್ಟ ಬೇಡ, ಅಲ್ಲಿ ಬೇಸಿಗೆಯ ಬಿಸಿ, ಮಳೆಗಾಲದ ತೇವ ಎರಡೂ ಇವೆ. ಮಲಗುವ ಕೋಣೆಯ ಬೀರು ಸಾಕು.

ಕೊನೆಗೆ ಆ ಕೆರೆದ ಮುಖ. ಮೊದಲು ಅದು ನಿಜವಾಗಿ ಕೆರೆದದ್ದೋ ನೋಡಿ. ಬೆಳ್ಳಿಮೀನು ಅಂತ ಕರೆಯುವ ಸಣ್ಣ ಹುಳ ಫೋಟೋದ ಮೇಲಿನ ಜೆಲಾಟಿನ್ ಪದರವನ್ನು ತಿನ್ನುತ್ತದೆ. ಅದು ತಿಂದ ಗುರುತು ಸೊಟ್ಟಪಟ್ಟ, ಅಂಚು ಹಲ್ಲುಹಲ್ಲಾಗಿರುತ್ತದೆ. ಬ್ಲೇಡಿನದು ನೇರ ಗೆರೆ, ಒಂದರ ಮೇಲೊಂದು. ಹುಳ ತಿಂದದ್ದಕ್ಕೆ ಇಲ್ಲದ ಕತೆ ಕಟ್ಟಿ ಯಾರನ್ನೋ ಅನುಮಾನಿಸುವುದು ಬೇಡ.

ಕೆರೆದದ್ದೇ ಆಗಿದ್ದರೆ ಗುಂಪಿಗೆ ಹಾಕಬೇಡಿ. ಪಾಲಿನ ಜಗಳ ಇರಬಹುದು, ಬೇರೆ ಜಾತಿಯಲ್ಲಿ ಮದುವೆಯಾದ ಮಗಳಿರಬಹುದು, ಎರಡನೇ ಸಂಸಾರ ಇರಬಹುದು. ಕೆರೆದವರು ಇನ್ನೂ ಬದುಕಿರಬಹುದು. ಅವರು ನಿಮ್ಮ ಅಜ್ಜಿಯೇ ಇರಬಹುದು. ಆ್ಯಪಿನಲ್ಲಿ ಆ ಜಾಗಕ್ಕೆ ಯಾವುದೋ ಮುಖ ತುಂಬಿಸುವ ಕೆಲಸವನ್ನಂತೂ ಮಾಡಲೇಬೇಡಿ. ಅಜ್ಜಿಯ ಜೊತೆ ಒಂದಷ್ಟು ದಿನ ಬೇರೆ ಫೋಟೋಗಳನ್ನು ನೋಡಿ ಆದ ಮೇಲೆ, ಅವರೇ ಆ ಫೋಟೋ ಎತ್ತಿಕೊಂಡರೆ ಕೇಳಿ. ಎತ್ತಿಕೊಳ್ಳದಿದ್ದರೆ ಬಿಡಿ. ಅವರು ಹೇಳಲು ಶುರು ಮಾಡಿ ‘ಬರ್ಕೋಬೇಡ’ ಅಂದರೆ ರೆಕಾರ್ಡಿಂಗ್ ನಿಲ್ಲಿಸಿ.

ಒಂದು ವಿಷಯ ಮಾತ್ರ ಗೊತ್ತಿರಲಿ. ಗ್ರೂಪ್ ಫೋಟೋಗಳನ್ನು ಒಂದೇ ಪ್ರತಿ ಹಾಕಿಸುವುದು ಅಪರೂಪ. ಅಣ್ಣತಮ್ಮಂದಿರ ಮನೆಗೆ, ಬೀಗರ ಮನೆಗೆ ಒಂದೊಂದು ಹೋಗುತ್ತಿತ್ತು. ಆ ವ್ಯಕ್ತಿ ಯಾರು ಅಂತ ಗೊತ್ತಾದರೆ, ಅವರ ಮಕ್ಕಳ ಮನೆಯಲ್ಲಿ ಅದೇ ಫೋಟೋದ ಇನ್ನೊಂದು ಪ್ರತಿ ಇರಬಹುದು, ಮುಖ ಸಮೇತ. ಆ ಮನೆಗೆ ಹೋಗುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳಿ ಹೊರಡಿ.